ಬೀಗದೊಳಗೆ ಎದ್ದ ಪೆಟ್ಟಿಗೆ

ಟಂಯ್, ಟಂಯ್, ಟಂಯ್. ಚಾಮರಾಜನಗರದ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದು ಹತ್ತಿ ಎಕ್ಕುವ ಬಿಲ್ಲಿನ ಈ ಸದ್ದಿನಿಂದ. ಅಬ್ದುಲ್ ಜಬ್ಬಾರ್ ಸಾಬರು ಜಗಲಿಯ ಮೇಲೆ ಕೂತು, ಬಿಲ್ಲಿನ ತಂತಿಯನ್ನು ಹತ್ತಿಯ ಗುಡ್ಡೆಗೆ ತಾಗಿಸಿ ಮರದ ಹಿಡಿಯಿಂದ ಮೀಟಿದರೆ ಮೊದಲು ಸದ್ದು, ಆಮೇಲೆ ಗಾಳಿಯೆಲ್ಲ ಬಿಳಿ. ಪಟ್ಟಣಕ್ಕೆ ಹತ್ತಿ ಎಕ್ಕುವ ಮಷೀನು ಬಂದು ಬಹಳ ವರ್ಷವಾಗಿದ್ದರೂ ಮದುವೆಯ ಹಾಸಿಗೆ, ಬಾಣಂತಿಯ ಹಾಸಿಗೆ ಎಂದರೆ ಜನ ಅವರ ಬಿಲ್ಲನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆ ಮನೆಯ ಮುಂದಿನ ಕೋಣೆ ಫೋಟೋ ಸ್ಟುಡಿಯೊ. ಅದನ್ನು ನಡೆಸುತ್ತಿದ್ದವನು ಮಗ ಅಕೀಬ್. ಒಳಗಿನ ಕೋಣೆ ಮಗಳು ವಾಜಿದಾಳದು. ಹತ್ತಿಯ ಧೂಳು ಒಳಗೆ ಬಾರದಿರಲೆಂದು ಅವಳು ಕಿಟಕಿಗೆ ಸದಾ ಒದ್ದೆ ಬಟ್ಟೆ ಕಟ್ಟಿರುತ್ತಿದ್ದಳು. ಒಳಗೆ ಒಂದು ಕಂಪ್ಯೂಟರು, ಫೋಟೋ ಮುದ್ರಿಸುವ ಪುಟ್ಟ ಪ್ರಿಂಟರು, ಒಂದು ಸ್ಟೀಲ್ ಬೀರು. ಆ ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿ.

ವಾಜಿದಾ ಕ್ಯಾಮೆರಾ ಹಿಡಿದ ಬಗೆಯನ್ನು ನಮ್ಮ ಬೀದಿಯ ಹೆಂಗಸರು ಇಂದಿಗೂ ನಕ್ಕು ನಕ್ಕು ಹೇಳುತ್ತಾರೆ. ಅವಳ ಚಿಕ್ಕಮ್ಮನ ಮಗಳ ಮದುವೆ. ಹೆಂಗಸರಿರುವ ಒಳಕೋಣೆಗೆ ಫೋಟೋ ತೆಗೆಯುವ ಗಂಡಸು ಹೋಗುವಂತಿಲ್ಲ. ಮದುಮಗಳ ಫೋಟೋ ಮಾತ್ರ ಬೇಕೇ ಬೇಕು. ಕೊನೆಗೆ ಹಿರಿಯರೆಲ್ಲ ಸೇರಿ ಒಂದು ಉಪಾಯ ಮಾಡಿದರು. ಫೋಟೋಗ್ರಾಫರ್ ಪರದೆಯ ಈಚೆ ಮುಖ ತಿರುಗಿಸಿ ನಿಲ್ಲುವುದು, ಕೈಯನ್ನಷ್ಟೇ ಒಳಗೆ ತೂರಿಸಿ ಗುಂಡಿ ಒತ್ತುವುದು. ಒಳಗಿನಿಂದ ಹೆಂಗಸರು "ಮೇಲೆ, ಇನ್ನೂ ಮೇಲೆ, ಎಡಕ್ಕೆ" ಎಂದು ಕೂಗುವುದು. ರೋಲು ತೊಳೆದು ಬಂದಾಗ ನೋಡಿದರೆ ಹಂಚಿನ ಮಾಡು, ತಿರುಗುವ ಫ್ಯಾನು, ಯಾರದೋ ಅರ್ಧ ತಲೆ. ಮದುಮಗಳ ಒಂದು ಕಿವಿಯ ಜುಮಕಿ ಮಾತ್ರ ಚೆನ್ನಾಗಿ ಬಂದಿತ್ತು. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಮದುಮಗಳು ಅತ್ತಳು. ಅಪ್ಪನ ಹಾಸಿಗೆಗಳಿಗೆ ಆಗ ಹೊದಿಕೆ ಹೊಲಿಯುತ್ತಿದ್ದ ವಾಜಿದಾ ಮುಂದಿನ ಮದುವೆಯ ಹೊತ್ತಿಗೆ ಅಪ್ಪನನ್ನು ಕಾಡಿ ಒಂದು ಹಳೆಯ ಕ್ಯಾಮೆರಾ ಕೊಂಡಿದ್ದಳು.

ಆದರೂ ರೋಲಿನ ಕಾಲದಲ್ಲಿ ಅವಳಿಗೆ ಕೆಲಸ ಕಡಿಮೆ. ತೆಗೆಯುವವಳು ಹೆಂಗಸೇ, ಆದರೆ ತೊಳೆಯುವವರು ಗಂಡಸರಲ್ಲವೇ ಎಂದು ಅಜ್ಜಿಯರು ಕೇಳುತ್ತಿದ್ದರು. ಅದಕ್ಕೆ ಉತ್ತರ ಸಿಕ್ಕಿದ್ದು ಡಿಜಿಟಲ್ ಕ್ಯಾಮೆರಾ ಬಂದ ಮೇಲೆ. ಅವಳೇ ತೆಗೆದು, ಅವಳೇ ಕಂಪ್ಯೂಟರಿನಲ್ಲಿ ತಿದ್ದಿ, ಅವಳೇ ಮನೆಯಲ್ಲಿ ಮುದ್ರಿಸಿ, ಆಲ್ಬಮ್ಮಿಗೆ ಅಂಟಿಸಿ, ಮದುಮಗಳ ಕೈಗೇ ಕೊಡುತ್ತಿದ್ದಳು. ಗುಂಡ್ಲುಪೇಟೆ, ಹರದನಹಳ್ಳಿ, ಚಂದಕವಾಡಿ ಎಂದು ಎಲ್ಲ ಕಡೆಯಿಂದಲೂ ಕರೆ ಬರತೊಡಗಿತು.

ಮದುವೆ ಮನೆಯ ಒಳಕೋಣೆಗೆ ಹೋದ ಕೂಡಲೇ ಅವಳು ಬಾಗಿಲಿಗೆ ಚಿಲಕ ಹಾಕುವಳು. ಮದುಮಗಳ ತಾಯಿಯ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳುವಳು: "ಈ ಫೋಟೋ ಯಾವ ಗಂಡಸಿನ ಕಣ್ಣಿಗೂ ಬೀಳೋದಿಲ್ಲ. ನನ್ನ ತಮ್ಮನೂ ಗಂಡಸೇ. ಅವನ ಕಣ್ಣಿಗೂ ಬೀಳೋದಿಲ್ಲ." ಆ ಮಾತು ಮುಗಿದ ಮೇಲೆ ಕೋಣೆಯ ಬೆಳಕೇ ಬೇರೆಯಾಗುತ್ತಿತ್ತು. ದುಪಟ್ಟಾಗಳು ಹಾಸಿಗೆಯ ಮೇಲೆ ಬೀಳುತ್ತಿದ್ದವು. ಮದುಮಗಳ ಜಡೆ ಬಿಚ್ಚಿಕೊಳ್ಳುತ್ತಿತ್ತು. ಅತ್ತೆಯಂದಿರು ಮೆಹಂದಿಯ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕುಣಿಯುತ್ತಿದ್ದರು.

ತಮ್ಮ ಅಕೀಬನಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವಳೂ ಅವಳೇ. ಗಂಡಸರ ಕಡೆಯ ಫೋಟೋ ಅವನು, ಹೆಂಗಸರ ಕಡೆಯದು ಅವಳು. ಮೈಸೂರಿನಲ್ಲಿ ಕೆಲವು ತಿಂಗಳು ಕಂಪ್ಯೂಟರ್ ಕಲಿತು ಬಂದ ಅಕೀಬ್ ಚುರುಕಾಗಿದ್ದ, ನಗಿಸುತ್ತಿದ್ದ. ಸಂಜೆ ಅಂಗಡಿ ಬೀದಿಯಿಂದ ಬರುವಾಗ ಅಕ್ಕನಿಗೆಂದು ಗೋಬಿ ಮಂಚೂರಿ ಕಟ್ಟಿಸಿಕೊಂಡು ಬರುತ್ತಿದ್ದ. "ಆಪಾ ತಿಂದ ಮೇಲೆ ಉಳಿದರೆ ನಿನಗೆ" ಎಂದು ಹೆಂಡತಿ ಬುಶ್ರಾಳನ್ನು ರೇಗಿಸುತ್ತಿದ್ದ.

ಒಂದು ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆಡುತ್ತಿದ್ದಾಗ ವಾಜಿದಾಳ ಕಂಪ್ಯೂಟರಿನ ಡಿಸ್ಕ್ ಸತ್ತುಹೋಯಿತು. ಹರದನಹಳ್ಳಿಯ ಮದುವೆಯೊಂದರ ಫೋಟೋ ಅರ್ಧ ಹೋದವು. ಆ ಮನೆಯವರ ಮುಂದೆ ನಿಂತು ಅತ್ತು ಬಂದವಳನ್ನು ನೋಡಿ ಅಕೀಬ್ ಬೆಂಗಳೂರಿಗೆ ಹೋಗಿ ಒಂದು ಪೆಟ್ಟಿಗೆ ತಂದ. ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಕಪ್ಪು. ಒಳಗೆ ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ, ಒಂದು ಸತ್ತರೂ ಇನ್ನೊಂದು ಉಳಿಯುತ್ತದೆ. ಕಂಪ್ಯೂಟರಿನ ಒಳಗೆ ಕೂರುವ ವಸ್ತುವಲ್ಲ ಅದು. ನೆಟ್‌ವರ್ಕ್ ತಂತಿಯಲ್ಲಿ ನೇತಾಡಿಕೊಂಡು ಎಲ್ಲಿ ಬೇಕಾದರೂ ಇರುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ಡಬ್ಬಾ ಎಂದೇ ಕರೆದರು.

ಡಬ್ಬಾ ಎಲ್ಲಿಡುವುದೆಂಬ ಮಾತು ಬಂದಾಗ ವಾಜಿದಾ ಬೀರುವಿನ ಒಳಗೆ ಎಂದಳು.

"ಬೀರುವಿನಲ್ಲಿಟ್ಟರೆ ಬಿಸಿಯಾಗುತ್ತೆ ಆಪಾ" ಎಂದ ಅಕೀಬ್. ಅವರ ಮನೆಯೊಳಗಿನ ಮಾತೆಲ್ಲ ಉರ್ದು. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಕೆಲಸ ಮಾಡುವಾಗ ಬಾಗಿಲು ತೆಗೆದಿಡ್ತೀನಿ. ಆಮೇಲೆ ಆಫ್ ಮಾಡಿ ಬೀಗ ಹಾಕ್ತೀನಿ."

ಅವನು ಬೀರುವಿನ ಬೆನ್ನಿಗೆ ತೂತು ಕೊರೆದ. ಅಲ್ಲಿಂದ ತಂತಿ ಹೊರಟು ಗೋಡೆ ದಾಟಿ ಸ್ಟುಡಿಯೊದ ಹಬ್ಬಿಗೆ ಹೋಯಿತು. ತಂತಿಗಳೆಲ್ಲ ಕೂಡುವ ಆ ಚಿಕ್ಕ ಡಬ್ಬಿ ಯುಪಿಎಸ್ ಪಕ್ಕದಲ್ಲಿರಬೇಕು, ಯುಪಿಎಸ್ ಇರುವುದು ಮುಂದಿನ ಕೋಣೆಯಲ್ಲಿ. ವಾಜಿದಾಳ ಕಂಪ್ಯೂಟರಿನ ತಂತಿಯೂ ಅಲ್ಲಿಗೇ ಹೋಗಿ ಬರುತ್ತಿತ್ತು.

"ಅಲ್ಲಿಂದ ನಿನಗೆ ಕಾಣುತ್ತಾ ಇದು?" ಎಂದು ಅವಳು ಕೇಳಿದಳು.

"ಆನ್ ಇದ್ದರೆ ತಾನೇ ಕಾಣೋದು? ಗುಂಡಿ ಒತ್ತಿದೆಯೋ, ಮುಗೀತು. ಕಲ್ಲು ಅದು."

ಅವಳಿಗೆ ಅಷ್ಟು ಸಾಕಾಗಿತ್ತು. ಕೆಲಸ ಮುಗಿದ ಮೇಲೆ ಗುಂಡಿಯನ್ನು ಒತ್ತಿ ಹಿಡಿಯುವಳು. ಡಿಸ್ಕುಗಳ ಸುಯ್ಯೆನ್ನುವ ಸದ್ದು ನಿಧಾನಕ್ಕೆ ಇಳಿದು, ಮುಂಭಾಗದ ನೀಲಿ ದೀಪ ಆರುವವರೆಗೆ ಅಲ್ಲೇ ನಿಲ್ಲುವಳು. ಆಮೇಲೆ ಬೀಗ. ಹಿಂಭಾಗದಲ್ಲಿ, ತಂತಿ ಚುಚ್ಚಿದ ಕಡೆ, ಮಿಣುಕು ಹುಳದಷ್ಟು ಒಂದು ಹಸಿರು ದೀಪ ಉಳಿದಿರುತ್ತಿತ್ತು. ಅದೇಕೆ ಎಂದು ಕೇಳಿದ್ದಕ್ಕೆ ಅಕೀಬ್, "ಟಿವಿ ಆಫ್ ಮಾಡಿದರೂ ಕೆಂಪು ದೀಪ ಇರೋದಿಲ್ವಾ, ಹಾಗೆ" ಎಂದಿದ್ದ.

ಗುಂಡ್ಲುಪೇಟೆಗೆ ಸೊಸೆಯಾಗಿ ಹೋದ ಸುಮಯ್ಯಳ ಮದುವೆ ಆದದ್ದು ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ. ವಾಜಿದಾ ಅಷ್ಟು ಚೆಂದದ ಫೋಟೋ ಹಿಂದೆ ತೆಗೆದಿರಲಿಲ್ಲ. ಉದ್ದ ಜಡೆಯ ಹುಡುಗಿ. ಮೆಹಂದಿಯ ದಿನ ಅವಳ ಅಕ್ಕತಂಗಿಯರು ಕಾಕಡ ಮೊಗ್ಗನ್ನು ಜಡೆಯ ಉದ್ದಕ್ಕೂ ಹಾವಿನ ಹಾಗೆ ಸುತ್ತಿದ್ದರು. ಯಾರೋ ಏನೋ ಚೇಷ್ಟೆಯ ಮಾತಾಡಿದಾಗ ಸುಮಯ್ಯ ಎರಡೂ ಕೈ ಮೇಲೆತ್ತಿ, ತಲೆ ಹಿಂದಕ್ಕೆ ಚೆಲ್ಲಿ ನಕ್ಕಿದ್ದಳು. ಕುತ್ತಿಗೆಯ ನರ ಕಾಣುವಂಥ ನಗು. ವಾಜಿದಾ ಆ ಗಳಿಗೆಯನ್ನು ಹಿಡಿದಿದ್ದಳು. ಆಲ್ಬಮ್ ಕೊಡಲು ಹೋದಾಗ ಸುಮಯ್ಯ ಆ ಫೋಟೋ ನೋಡಿ ನಾಚಿ, "ಇದನ್ನು ಅವರಿಗೂ ತೋರಿಸೋದಿಲ್ಲ, ನಾನು ಒಬ್ಬಳೇ ನೋಡ್ಕೊಳ್ತೀನಿ" ಎಂದಿದ್ದಳು. ಅವರು ಎಂದರೆ ಗಂಡ.

ಆ ವರ್ಷದ ಮಳೆ ಮುಗಿಯುತ್ತಿದ್ದಾಗ ಒಂದು ಭಾನುವಾರ ವಾಜಿದಾ ಇನ್ನೊಂದು ಮದುವೆಗೆ ಹೋಗಿ ಸಂಜೆ ಮನೆಗೆ ಬಂದಳು. ಫೋಟೋಗಳನ್ನು ಡಬ್ಬಾಕ್ಕೆ ಹಾಕಬೇಕೆಂದು ಬೀರು ತೆರೆದಳು. ಮುಖಕ್ಕೆ ಬಿಸಿ ಗಾಳಿ ಬಡಿಯಿತು. ಡಬ್ಬಾದ ಪಕ್ಕ ಮಡಿಸಿಟ್ಟಿದ್ದ ಬಟ್ಟೆಗಳನ್ನು ಮುಟ್ಟಿದರೆ ಈಗಷ್ಟೇ ಇಸ್ತ್ರಿ ಮಾಡಿ ಇಟ್ಟ ಹಾಗೆ ಬೆಚ್ಚಗಿದ್ದವು. ನೀಲಿ ದೀಪ ಆರಿತ್ತು.

"ಗೋಡೆಗೆ ಬಿಸಿಲು ಬಿದ್ದಿರಬೇಕು ಆಪಾ" ಎಂದ ಅಕೀಬ್, ತಲೆ ಎತ್ತದೆ.

ಅದು ಬಡಗಣ ಗೋಡೆ. ಅದಕ್ಕೆ ಬಿಸಿಲು ಬೀಳುವುದಿಲ್ಲವೆಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಅವಳು ಹೌದೇನೋ ಎಂದುಕೊಂಡಳು. ಮನೆಯವರ ಮಾತನ್ನು ಬಿಸಿಲು ನೋಡಿ ಯಾರು ಅಳೆಯುತ್ತಾರೆ.

ಅದೇ ವಾರ ಒಂದು ಮಧ್ಯಾಹ್ನ ಅವಳು ಕೋಣೆಯಲ್ಲಿ ಕೂತು ಆಲ್ಬಮ್ಮಿಗೆ ಫೋಟೋ ಅಂಟಿಸುತ್ತಿದ್ದಳು. ಕಂಪ್ಯೂಟರ್ ಆರಿಸಿತ್ತು. ಬೀರುವಿಗೆ ಬೀಗ ಹಾಕಿತ್ತು. ಅವಳು ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿದ್ದಾಳೆಂದು ಮನೆಯವರೆಲ್ಲ ತಿಳಿದಿದ್ದರು. ಇದ್ದಕ್ಕಿದ್ದ ಹಾಗೆ ಬೀರುವಿನ ಒಳಗಿನಿಂದ ಪೀಂ ಎಂದಿತು. ಆಮೇಲೆ ಸುಯ್ ಎಂದು ಏರುತ್ತಾ ಹೋದ ಸದ್ದು. ಡಿಸ್ಕು ತಿರುಗತೊಡಗಿದ ಸದ್ದು. ಕೈಗಂಟಿದ ಗೋಂದನ್ನು ಒರೆಸಿಕೊಳ್ಳದೆ ಎದ್ದು ಬೀಗ ತೆಗೆದಳು. ಯಾರೂ ಮುಟ್ಟದ ಪೆಟ್ಟಿಗೆ ನೀಲಿ ಕಣ್ಣು ಬಿಟ್ಟುಕೊಂಡು ಎಚ್ಚರವಾಗಿತ್ತು.

ಅವಳು ಗುಂಡಿ ಒತ್ತಿ ಹಿಡಿದಳು. ದೀಪ ಮಿಟುಕಿ, ಸದ್ದು ಇಳಿದು, ಎಲ್ಲ ಸುಮ್ಮನಾಯಿತು. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಪೀಂ. ಮತ್ತೆ ನೀಲಿ. ಮತ್ತೆ ಒತ್ತಿದಳು. ಮತ್ತೆ ಎದ್ದಿತು. ಅವಳು ಮಲಗಿಸುವುದು, ಯಾರೋ ಎಬ್ಬಿಸುವುದು. ತಂತಿಯ ಆ ತುದಿಯಲ್ಲಿ ಇನ್ನೊಂದು ಕೈ ಇದೆಯೆಂದು ಅವಳಿಗೆ ಆಗ ಗೊತ್ತಾಯಿತು. ಮೂರನೆಯ ಸಲ ಒತ್ತಿದಾಗ ಮುಂದಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಪರದೆ ಸರಿಸಿ ಅಕೀಬ್ ಇಣುಕಿದ.

"ಬುಶ್ರಾ, ಒಳಗೆ ಕರೆಂಟ್ ಹೋಗಿದೆಯಾ?" ಎಂದವನು ಅಕ್ಕನನ್ನು ಕಂಡು ನಿಂತುಬಿಟ್ಟ.

"ಹೋಗಿಲ್ಲ" ಎಂದಳು ವಾಜಿದಾ.

ಫ್ಯಾನು ತಿರುಗುತ್ತಿತ್ತು. ಅವನು ಅದನ್ನೇ ನೋಡಿದ. ಆಮೇಲೆ ನಕ್ಕ. "ಬಯ್ಯಬೇಡ ಆಪಾ. ಈ ಡಬ್ಬಾಕ್ಕೆ ಒಂದು ನಂಬರ್ ಇರುತ್ತೆ. ಅದೇ ತಂತಿಯಲ್ಲಿರೋ ಕಂಪ್ಯೂಟರಿನಿಂದ ಆ ನಂಬರ್ ಹಿಡಿದು ಕೂಗಿದರೆ ಎದ್ದೇಳುತ್ತೆ. ಆಫ್ ಮಾಡಿದರೂ ಒಂದು ಕಿವಿ ತೆರೆದಿಟ್ಟುಕೊಂಡಿರುತ್ತೆ. ಆ ಹಸಿರು ದೀಪ ಅದೇ."

"ಟಿವಿ ಹಾಗೆ ಅಂದಿದ್ದೆ."

"ನಿನಗೆ ಹೇಗೆ ಹೇಳಲಿ ಅಂತ ಹಾಗಂದೆ. ಡಬ್ಬಾದ ಡಿಸ್ಕೂ ಹೋದರೆ ನೀನು ಮತ್ತೆ ಹರದನಹಳ್ಳಿಯ ಥರ ಅಳ್ತೀಯ. ಅದಕ್ಕೇ ನನ್ನ ಕಂಪ್ಯೂಟರಿಗೂ ಒಂದು ಕಾಪಿ ಇಟ್ಟುಕೊಳ್ತಿದ್ದೆ. ತೆರೆದೇನೂ ನೋಡಿಲ್ಲ. ನಿನ್ನ ಮೇಲಾಣೆ."

ಆ ದಿನ ಅವಳು ಊಟ ಮಾಡಲಿಲ್ಲ. ಆದರೆ ಅವನು ಆಣೆ ಇಟ್ಟಿದ್ದ. ಕಾಪಿ ಅಳಿಸುತ್ತೇನೆಂದೂ ಹೇಳಿದ. ಸಂಜೆ ಗೋಬಿ ತಂದಿಟ್ಟ. ಅವಳು ಡಬ್ಬಾದ ತಂತಿ ಕಿತ್ತಿಟ್ಟಳು, ಕೆಲಸ ಮಾಡುವಾಗ ಮಾತ್ರ ಚುಚ್ಚಿಕೊಳ್ಳತೊಡಗಿದಳು. ತಮ್ಮ ಕದ್ದು ನೋಡಿದ್ದಾನೆಂದು ಅಂದುಕೊಳ್ಳುವುದಕ್ಕಿಂತ ತನಗಾಗಿ ಹೆದರಿ ಹಾಗೆ ಮಾಡಿದನೆಂದು ಅಂದುಕೊಳ್ಳುವುದು ಅವಳಿಗೆ ಸುಲಭವಾಗಿತ್ತು.

ಕೆಲವು ದಿನ ಕಳೆದ ಮೇಲೆ ಉಡಿಗಾಲದ ದೊಡ್ಡಮಲ್ಲಪ್ಪನವರ ಮನೆಯವರು ಮಗಳು ಸುಧಾಮಣಿಯ ಮದುವೆಗೆ ಫೋಟೋ ಗೊತ್ತು ಮಾಡಲು ಬಂದರು. ದೊಡ್ಡಮಲ್ಲಪ್ಪ, ಮಗ ಪುಟ್ಟರಾಜು ಸ್ಟುಡಿಯೊದಲ್ಲಿ ಕೂತು ಅಕೀಬನ ಜೊತೆ ಮಾತಾಡುತ್ತಿದ್ದರು. ಅವರ ಮನೆಯಾಕೆ ಗುರುಮಲ್ಲಮ್ಮ ಪರದೆ ಸರಿಸಿ ನೇರವಾಗಿ ಒಳಗೇ ಬಂದರು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಸ್ಟುಡಿಯೊದ ಮೇಜಿನಿಂದ ಎತ್ತಿಕೊಂಡ ದಪ್ಪನೆಯ ಒಂದು ಆಲ್ಬಮ್.

"ಎಣ್ಮಕ್ಕಳ ಫೋಟ ತಗ್ಯೋಳು ನೀನೇಯೇನಮ್ಮಿ? ಅಲ್ಲಿ ಗಂಡಸ್ರ ಮಾತು ಮುಗ್ಯಾದಿಲ್ಲ, ಬುಡು. ನಂಗ ಬೇಕಾದ್ದು ಅವ್ಕ ಗೊತ್ತಾಗಾಕಿಲ್ಲ" ಎನ್ನುತ್ತಾ ಚಾಪೆಯ ಮೇಲೆ ಕಾಲು ಚಾಚಿ ಕೂತರು.

"ಕೂತ್ಕೊಳ್ಳಿ ಅಮ್ಮ. ಏನ್ ಬೇಕಿತ್ತು?"

"ನಮ್ ಸುಧಾಮಣಿಗ ಇಂಥದೇ ಜಡ ಆಗ್ಬೇಕು. ಯಾರಮ್ಮಿ ಎಣ್ದದ್ದು? ಈ ಎಣ್ಣ್ ನೋಡು, ಏಟ್ ಚೆಂದಾಗ್ ನಗ್ತಾಳ! ನಮ್ ಪುಟ್ರಾಜ ಅಂತೂ ಈ ಆಳೆ ಬುಟ್ಟು ಮುಂದ್ಕ ಓಗ್ನೇ ಇಲ್ಲ. 'ತಿರುವ್ಲಾ, ನಿನ್ ತಂಗಿ ಮದ್ವ ಕಣ್ಲಾ, ನಿಂದಲ್ಲ' ಅಂತ ಅವರಪ್ಪ ಬೈದ್ರು." ಗುರುಮಲ್ಲಮ್ಮ ತಮ್ಮ ಮಾತಿಗೆ ತಾವೇ ನಕ್ಕು ಆಲ್ಬಮ್ ಬಿಡಿಸಿ ಅವಳ ಮಡಿಲಿಗಿಟ್ಟರು.

ಮೊದಲ ಪುಟದ ತುಂಬ ಸುಮಯ್ಯ. ಎರಡೂ ಕೈ ಮೇಲಕ್ಕೆತ್ತಿ, ತಲೆ ಹಿಂದಕ್ಕೆ ಚೆಲ್ಲಿ.

ಮೈಸೂರಿನ ದೊಡ್ಡ ಲ್ಯಾಬಿನಲ್ಲಿ ಮುದ್ರಿಸಿದ ದಪ್ಪ ಹೊಳೆಯುವ ಹಾಳೆ. ಮೂಲೆಯಲ್ಲಿ ಬಂಗಾರದ ಅಕ್ಷರದಲ್ಲಿ ಸ್ಟುಡಿಯೊದ ಹೆಸರು, ಅಕೀಬನ ಮೊಬೈಲ್ ನಂಬರು. ವಾಜಿದಾ ಹಾಳೆ ತಿರುವಿದಳು. ಹರದನಹಳ್ಳಿಯ ಹುಡುಗಿ, ಅರಿಸಿನದ ಸ್ನಾನದ ಒದ್ದೆ ಕೂದಲಲ್ಲಿ. ಚಂದಕವಾಡಿಯ ಮದುಮಗಳ ಅಜ್ಜಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿಯುತ್ತಾ. ಅವಳು ಕೊನೆಯವರೆಗೂ ತಿರುವಿದಳು. ಆಮೇಲೆ ಹಿಂದಿನಿಂದ ಮತ್ತೆ ಮೊದಲಿಗೆ ತಿರುವಿದಳು, ಏನನ್ನೋ ಹುಡುಕುವವಳ ಹಾಗೆ.

"ಯಾಕಮ್ಮಿ? ನಾ ಏನಾರ ತಪ್ಪಾಡ್ಬುಟ್ನಾ?" ಎಂದರು ಗುರುಮಲ್ಲಮ್ಮ.

"ಇಲ್ಲ ಅಮ್ಮ. ಈ ಪುಸ್ತಕ ಎಷ್ಟು ದಿನದಿಂದ ಅಂಗಡೀಲಿದೆ, ನಿಮಗೇನಾದ್ರೂ ಗೊತ್ತಾ?"

"ಇಲ್ಲೆಲ್ಲಿ? ನಾವು ಗುಂಡ್ಲುಪ್ಯಾಟ್ಯಾಗ ನೋಡಿದ್ದು. ಅಲ್ಲೊಂದು ಲಗ್ನಪತ್ರ ಮಾರೋ ಅಂಗ್ಡಿ ಅದಲ್ಲ, ಅಲ್ಲಿ ಮಡ್ಗವ್ರೆ. ಅದ್ನ ನೋಡೇ ಇಲ್ಲಿಗ ಬಂದ್ವಿ. ಇಲ್ಲೂ ಇಂಥದೊಂದು ಅದೆ ಅಂದ್ರು ನಿನ್ ತಮ್ಮ."

ಗುಂಡ್ಲುಪೇಟೆಯ ಅಂಗಡಿಯಲ್ಲಿ. ಸುಮಯ್ಯ ಸೊಸೆಯಾಗಿ ಹೋದ ಊರಿನಲ್ಲಿ, ಅವಳ ಗಂಡ ಓಡಾಡುವ ಬೀದಿಯಲ್ಲಿ.

ವಾಜಿದಾ ಗುರುಮಲ್ಲಮ್ಮನವರಿಗೆ ನೀರು ಕೊಟ್ಟಳು, ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ಆಕೆ ಹೋಗುವಾಗ ತಿರುಗಿ, "ಎಣ್ಮಗಳ ಮುಖ ಬಾಡೋಯ್ತು, ಯಾರೇನಂದ್ರೋ ಕಾಣೆ" ಎಂದು ಗಂಡನಿಗೆ ಹೇಳಿದ್ದು ಬೀದಿಗೂ ಕೇಳಿಸಿತು.

ಆಮೇಲೆ ಅವಳು ಆಲ್ಬಮ್ ಹಿಡಿದುಕೊಂಡು ಸ್ಟುಡಿಯೊಕ್ಕೆ ಹೋದಳು. ಜಗಲಿಯ ಮೇಲೆ ಬಿಲ್ಲಿನ ಸದ್ದು ನಡೆದೇ ಇತ್ತು.

"ಬುಶ್ರಾ ಎಲ್ಲಿ ಅಕೀಬ್?"

"ಅಡುಗೆಮನೇಲಿ. ಯಾಕೆ?"

"ಇದರಲ್ಲಿ ಎಲ್ಲಿ ಅಂತ ಕೇಳಿದೆ."

ಅವನು ಆಲ್ಬಮ್ ನೋಡಿದ.

"ಎಲ್ಲಾ ಊರಿನವರೂ ಇದ್ದಾರೆ. ಅವಳ ಮೆಹಂದಿಯ ಫೋಟೋ ಕೂಡ ಅದೇ ಡಬ್ಬಾದಲ್ಲಿತ್ತು. ಸುಮಯ್ಯಳ ಪಕ್ಕದಲ್ಲೇ ಇತ್ತು. ಅದನ್ನು ಯಾಕೆ ಹಾಕಲಿಲ್ಲ?"

ತೆರೆದು ನೋಡಿಲ್ಲವೆಂದು ಆಣೆ ಇಟ್ಟವನು ಒಂದೊಂದನ್ನೂ ನೋಡಿದ್ದ, ಆರಿಸಿದ್ದ, ತನ್ನ ಹೆಂಡತಿಯದನ್ನು ಮಾತ್ರ ಬದಿಗಿಟ್ಟಿದ್ದ. ಮಾಡುತ್ತಿರುವುದು ಏನೆಂದು ಅವನಿಗೆ ಪೂರ್ತಿ ಗೊತ್ತಿತ್ತು. ವಾಜಿದಾಳಿಗೆ ಅದನ್ನು ತಿಳಿದುಕೊಳ್ಳಲು ಇಷ್ಟು ಸಾಕಾಯಿತು.

"ನಿನ್ನಷ್ಟು ಚೆನ್ನಾಗಿ ಈ ಜಿಲ್ಲೆಯಲ್ಲಿ ಯಾರೂ ತೆಗೆಯೋದಿಲ್ಲ ಆಪಾ" ಎಂದ ಕೊನೆಗೆ, ಮೆಲ್ಲಗೆ. "ಗಂಡಸರ ಫೋಟೋ ತೋರಿಸಿದರೆ ಯಾರು ಬರ್ತಾರೆ? ಸಾಲಾಗಿ ನಿಂತ ಟೋಪಿಗಳು. ಬೀರುವಿನಲ್ಲಿ ಕೊಳೆಯೋದು ಒಳ್ಳೆಯದಾ? ಅವರ ಹೆಸರು ಹಾಕಿದ್ದೀನಾ? ಊರು ಹಾಕಿದ್ದೀನಾ?"

"ನನ್ನ ಮಾತು ಇತ್ತು."

"ನೀನು ಎಲ್ಲಿ ಮಾತು ತಪ್ಪಿದೆ? ಬೀರು ಬೀಗ ಹಾಕೇ ಇತ್ತಲ್ಲ. ನಾನು ಬೀರು ಮುಟ್ಟೇ ಇಲ್ಲ."

ಬಿಲ್ಲಿನ ಸದ್ದು ನಿಂತಿತು. ಅಬ್ಬಾ ಒಳಗೆ ಬಂದರು. ಗಡ್ಡ, ಹುಬ್ಬು, ರೆಪ್ಪೆ ಎಲ್ಲ ಹತ್ತಿಯಿಂದ ಬೆಳ್ಳಗಾಗಿತ್ತು. ಮಗಳ ಕೈಯಿಂದ ಆಲ್ಬಮ್ ತೆಗೆದು, ಬಿಡಿಸದೆಯೇ ಮೇಜಿನ ಮೇಲೆ ಮುಖ ಅಡಿಯಾಗಿ ಇಟ್ಟರು. ಇಟ್ಟ ರೀತಿ ನೋಡಿದರೆ ಒಳಗೆ ಏನಿದೆಯೆಂದು ಅವರಿಗೆ ಗೊತ್ತಿದ್ದ ಹಾಗಿತ್ತು.

"ಅಬ್ಬಾ, ನಿಮಗೆ ಗೊತ್ತಿತ್ತಾ?"

"ಹೋದ ತಿಂಗಳು ಕಣ್ಣಿಗೆ ಬಿತ್ತು. ಬೈದೆ. ಆಗಿದ್ದು ಆಗಿಹೋಗಿತ್ತಲ್ಲ ಮಗಳೇ."

"ನನಗೆ ಹೇಳಲಿಲ್ಲ."

"ಹೇಳಿದ್ದರೆ ನೀನು ಸುಮ್ಮನಿರ್ತಿದ್ಯಾ? ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ. ಆಮೇಲೆ ನಿನ್ನನ್ನು ಯಾರು ಒಳಕೋಣೆಗೆ ಬಿಡ್ತಾರೆ? ಇವನ ಅಂಗಡಿಗೆ ಯಾರು ಬರ್ತಾರೆ? ನನ್ನ ಹತ್ರ ಹಾಸಿಗೆ ಯಾರು ಹೊಲಿಸ್ತಾರೆ? ಪುಸ್ತಕ ಸುಟ್ಟುಹಾಕೋಣ. ಮನೆ ಮಾತು ಮನೇಲೇ ಇರಲಿ."

ಅವಳು ಅಪ್ಪನ ಮುಖ ನೋಡಿದಳು. ಅಕೀಬ್ ಮಾಡಿದ್ದು ಒಂದು ಕಡೆ ಇರಲಿ. ಒಂದು ತಿಂಗಳು ಪೂರ್ತಿ ಅಬ್ಬಾ ಅವಳ ಎದುರು ಕೂತು ಊಟ ಮಾಡಿದ್ದರು. ಮದುವೆಗೆಂದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟಾಗಲೆಲ್ಲ ಜಗಲಿಯ ಮೇಲಿಂದ ಹುಷಾರು ಮಗಳೇ ಎಂದಿದ್ದರು. ಅವಳು ಹೋಗಿ ಯಾರದೋ ತಾಯಿಯ ಕೈ ಹಿಡಿದು ಏನು ಹೇಳುತ್ತಾಳೆಂದು ಅವರಿಗೆ ಗೊತ್ತಿತ್ತು. ಆ ಮಾತು ಸುಳ್ಳಾಗಿರುವುದೂ ಗೊತ್ತಿತ್ತು. ಗೊತ್ತಿದ್ದೂ ಕಳುಹಿಸಿದ್ದರು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ತೆರಕಣಾಂಬಿ ದಾಟಿದ ಮೇಲೆ ದಾರಿಯ ಎರಡೂ ಕಡೆ ಬಾಳೆಯ ತೋಟ, ಅರಿಸಿನದ ಹೊಲ, ದೂರದಲ್ಲಿ ಬೆಟ್ಟದ ನೀಲಿ. ಕಿಟಕಿಗೆ ತಲೆಯಾನಿಸಿ ಕೂತವಳು ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸುತ್ತಾ, ಕೆಡವುತ್ತಾ ಬಂದಳೆಂದು ನನಗೆ ಬಹಳ ದಿನದ ಮೇಲೆ ಹೇಳಿದಳು. ಯಂತ್ರದಿಂದ ಮೊದಲು ಮಾಡಿದರೆ ತಮ್ಮನವರೆಗೆ ಬರಲು ಹೊತ್ತಾಗುತ್ತಿತ್ತು. ತಮ್ಮನಿಂದ ಮೊದಲು ಮಾಡಿದರೆ ನಾಲಿಗೆ ಏಳುತ್ತಿರಲಿಲ್ಲ.

ಮೊದಲು ಲಗ್ನಪತ್ರಿಕೆಯ ಅಂಗಡಿಗೆ ಹೋಗಿ ಅಲ್ಲಿದ್ದ ಆಲ್ಬಮ್ ಕೇಳಿದಳು. ಅಂಗಡಿಯವನು, "ನಿನ್ನೆ ಸಂಜೆಯೇ ನಿಮ್ಮ ತಮ್ಮ ಬಂದು ತಗೊಂಡ್ ಹೋದ್ರಲ್ಲ ಮೇಡಂ. ಜನ ಇಷ್ಟ ಪಡ್ತಿದ್ರು. ಇನ್ನೊಂದು ಕಳಿಸ್ತಾರಾ?" ಎಂದ.

ಸುಮಯ್ಯಳ ಗಂಡನ ಮನೆ ಊಟಿ ರಸ್ತೆಗೆ ಹತ್ತಿರ. ಗಂಡನದು ಟಯರ್ ಅಂಗಡಿ. ಹೊರಗೆ ಮಲಯಾಳ ಬೋರ್ಡಿನ ಲಾರಿಗಳು ಸಾಲಾಗಿ ನಿಂತಿದ್ದವು. ಸುಮಯ್ಯ ಬಾಗಿಲು ತೆರೆದು, "ಅರೇ ವಾಜಿದಾ ಆಪಾ!" ಎಂದು ಕೈ ಹಿಡಿದು ಒಳಗೆಳೆದುಕೊಂಡಳು. ಈಗ ಐದು ತಿಂಗಳ ಬಸುರಿ. ಅತ್ತೆ ಹಿತ್ತಲಲ್ಲಿದ್ದರು. ಚಹಾ ಇಡಲು ಎದ್ದವಳನ್ನು ವಾಜಿದಾ ಕೂರಿಸಿದಳು, ಎಲ್ಲವನ್ನೂ ಹೇಳಿದಳು. ಬೀರು, ತಂತಿ, ಆಫ್ ಮಾಡಿದ ಮೇಲೂ ಏಳುವ ಪೆಟ್ಟಿಗೆ, ಮೈಸೂರಿನಲ್ಲಿ ಮುದ್ರಿಸಿದ ಪುಸ್ತಕ, ಈ ಊರಿನ ಅಂಗಡಿ.

ಸುಮಯ್ಯ ಮೊದಲು ಅರ್ಥವಾಗದವಳ ಹಾಗೆ ನಗುತ್ತಲೇ ಇದ್ದಳು. ನಗು ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾವ ಫೋಟೋ?"

ವಾಜಿದಾ ಹೇಳಿದಳು.

"ಯಾರ್ಯಾರು ನೋಡಿದ್ದಾರೆ?"

"ಗೊತ್ತಿಲ್ಲ. ಅಂಗಡಿಗೆ ಬಂದವರೆಲ್ಲ."

"ನಿಮ್ಮ ತಮ್ಮ?"

"ನೋಡಿದ್ದಾನೆ. ಮಾಡಿದವನೇ ಅವನು."

ಸುಮಯ್ಯ ಹೆಗಲ ಮೇಲೆ ಬಿದ್ದಿದ್ದ ದುಪಟ್ಟಾವನ್ನು ತಲೆಯ ಮೇಲೆಳೆದುಕೊಂಡಳು. ಅಷ್ಟಕ್ಕೆ ನಿಲ್ಲದೆ ಇನ್ನೂ ಮುಂದಕ್ಕೆ, ಹಣೆ ಮುಚ್ಚುವ ಹಾಗೆ ಎಳೆದಳು. ಕೋಣೆಯಲ್ಲಿ ಇದ್ದವರು ಅವರಿಬ್ಬರೇ. ವಾಜಿದಾಳ ಎದುರು ಇಷ್ಟು ವರ್ಷಗಳಲ್ಲಿ ಯಾವ ಹೆಂಗಸೂ ಹಾಗೆ ಮಾಡಿರಲಿಲ್ಲ.

"ಈಗ ಅಳಿಸಿಬಿಟ್ರಾ ಎಲ್ಲ?"

"ನನ್ನ ಕಣ್ಣೆದುರಿಗೇ ಅಳಿಸಿಸ್ತೀನಿ."

"ಅಳಿಸಿದ ಮೇಲೂ ಎದ್ದು ಬರುತ್ತಾ ಆಪಾ ಅದು? ಆಫ್ ಮಾಡಿದ್ದು ಎದ್ದು ಬಂತಲ್ಲ."

ಅದಕ್ಕೆ ವಾಜಿದಾ ಇಲ್ಲ ಎನ್ನಬಹುದಿತ್ತು. ಆದರೆ ಆಫ್ ಎಂದರೆ ಆಫ್ ಎಂದು ನಂಬಿದವಳೇ ಅವಳು.

"ನೀವು ಬಂದು ಹೇಳಿದ್ರಿ" ಎಂದಳು ಸುಮಯ್ಯ, ಹಿತ್ತಲ ಬಾಗಿಲ ಕಡೆ ಕಣ್ಣಿಟ್ಟು, ತಗ್ಗಿದ ದನಿಯಲ್ಲಿ. "ನಿಮ್ಮ ಎದೆಯ ಭಾರ ಇಳೀತು. ನಾನು ಯಾರಿಗೆ ಹೇಳಲಿ? ಅವರು ಅಂಗಡಿಯಿಂದ ಬಂದಾಗಲೆಲ್ಲ ಇವತ್ತು ಯಾರಾದರೂ ಹೇಳಿದರೇನೋ ಅಂತ ಮುಖ ನೋಡ್ತಾ ಕೂರ್ಲಾ? ಹೊರಡಿ ಆಪಾ. ಅತ್ತೆ ಬರ್ತಾರೆ. ಅವರು ಕೇಳಿದರೆ ಫೋಟೋ ವಿಷಯ ಅನ್ನಬೇಡಿ. ಈ ಕಡೆ ಬಂದಿದ್ದೆ, ನೋಡ್ಕೊಂಡು ಹೋಗೋಣ ಅಂತ ಬಂದೆ ಅನ್ನಿ."

ಹಾಗೆ ಸುಳ್ಳು ಹೇಳುವ ಪ್ರಸಂಗ ಬರಲಿಲ್ಲ. ವಾಜಿದಾ ಬಸ್ ನಿಲ್ದಾಣದವರೆಗೆ ನಡೆದುಕೊಂಡೇ ಬಂದಳು.

ನಿಲ್ದಾಣದ ಬಾಗಿಲಲ್ಲಿ ಅಕೀಬನ ಬೈಕು ನಿಂತಿತ್ತು. ಚಾಮರಾಜನಗರದಿಂದ ಬಿಸಿಲಲ್ಲಿ ಓಡಿಸಿಕೊಂಡು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಅಕ್ಕನನ್ನು ಕಂಡು ಓಡಿ ಬಂದ.

"ಎರಡೂ ಪುಸ್ತಕ ಒಲೆಗೆ ಹಾಕಿದೆ ಆಪಾ. ಅಬ್ಬಾ ಮುಂದೆಯೇ ಹಾಕಿದೆ. ಬಾ, ಹಿಂದೆ ಕೂತ್ಕೋ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

"ನಿನ್ನ ಕಂಪ್ಯೂಟರಿನಲ್ಲಿರೋದು?"

"ಅದೂ ತೆಗೀತೀನಿ. ಕೇಳು, ಯಾರಾದರೂ ಕೇಳಿದರೆ ಡಬ್ಬಾ ಕೆಟ್ಟುಹೋಗಿತ್ತು, ತಾನಾಗೇ ಎದ್ದು ಕಾಪಿ ಆಗಿಬಿಟ್ಟಿತ್ತು, ಲ್ಯಾಬಿನವರು ತಪ್ಪಿ ಪ್ರಿಂಟ್ ಹಾಕಿದರು ಅನ್ನೋಣ. ಮೆಷೀನಿನ ಮಾತು ಯಾರಿಗೆ ಗೊತ್ತಾಗುತ್ತೆ? ನಂಬ್ತಾರೆ."

"ನಾನು ನಂಬಿದ ಹಾಗೆ."

ಅವನು ತಲೆ ತಗ್ಗಿಸಿದ. ಚಾಮರಾಜನಗರದ ಬಸ್ಸು ಬಂದು ನಿಂತಿತು. ಬಾಳೆಗೊನೆ ಏರಿಸುವವರ ಗಲಾಟೆ, ಕಂಡಕ್ಟರನ ಸೀಟಿ.

"ಸುಮಯ್ಯಳಿಗೆ ನನ್ನ ಹೆಸರು ಹೇಳಿದ್ಯಾ?" ಎಂದ ಅಕೀಬ್.

"ಕೇಳಿದಳು. ಹೇಳಿದೆ. ನಾಳೆ ಚಂದಕವಾಡಿಗೆ ಹೋಗ್ತೀನಿ, ಆಮೇಲೆ ಹರದನಹಳ್ಳಿಗೆ. ಆ ಪುಸ್ತಕದಲ್ಲಿದ್ದ ಒಬ್ಬೊಬ್ಬಳ ಬಾಗಿಲಿಗೂ ಹೋಗ್ತೀನಿ. ಅವರೂ ಕೇ‌ಳ್ತಾರೆ."

"ಆಪಾ, ಆಮೇಲೆ ಈ ಕೆಲಸ ಇರೋದಿಲ್ಲ. ನಿನಗೂ ಇರೋದಿಲ್ಲ."

"ಇಲ್ಲ."

"ಮನೇಲಿ ಎಲ್ಲರಿಗೂ ಏನಂತ ಹೇಳಲಿ ನಾನು?"

"ಎಲ್ಲರಿಗೂ ಗೊತ್ತೇ ಇತ್ತಲ್ಲ ಅಕೀಬ್. ಗೊತ್ತಿಲ್ಲದವಳು ಬುಶ್ರಾ ಒಬ್ಬಳೇ. ಅವಳದನ್ನು ಮಾತ್ರ ಯಾಕೆ ಬಿಟ್ಟೆ ಅಂತ ಅವಳು ನನ್ನ ಕೇಳಿದರೆ, ನಾನು ಅವಳಿಗೂ ಇದ್ದದ್ದನ್ನೇ ಹೇಳ್ತೀನಿ" ಎಂದವಳು ದುಪಟ್ಟಾ ಸರಿಮಾಡಿಕೊಂಡು, ತಮ್ಮನ ಪಕ್ಕದಿಂದಲೇ ಹಾದು, ಹೊರಡಲು ಮೊದಲಾಗಿದ್ದ ಬಸ್ಸಿನ ಕಡೆಗೆ ನಡೆದುಬಿಟ್ಟಳು.